ಒರಳು ಅಂತಲೇ ಬರೆಯಿರಿ

ತಂಗಿ,

ಡೊಂಬಿವಲಿಯಿಂದ ನೀವು ಕಳಿಸಿದ ‘ಸೊಂಟದ ಕೀಲು ಮತ್ತು ತೊಡೆಯ ಎಲುಬು’ ಲೇಖನವನ್ನು ಎರಡು ಸಲ ಓದಿದೆ. ಫಿಸಿಯೊಥೆರಪಿ ಮಾಡುವವರು ಕನ್ನಡದಲ್ಲಿ ಬರೆಯಲು ಕೂತಿದ್ದು ಖುಷಿ. ವಿಷಯ ಸರಿಯಾಗಿದೆ, ಚಿತ್ರಗಳೂ ಚೆನ್ನಾಗಿವೆ. ಆದರೆ ಈಗಿರುವ ಹಾಗೆ ಪತ್ರಿಕೆಗೆ ಹಾಕಲು ಆಗುವುದಿಲ್ಲ. ಎರಡು ಕಡೆ ನನಗೆ ತುಂಬಾ ಕಿರಿಕಿರಿಯಾಯಿತು. ಅದನ್ನಷ್ಟೇ ಹೇಳುತ್ತೇನೆ.

ನಿಮ್ಮ ಮೊದಲ ವಾಕ್ಯ: ‘ಊರ್ವಸ್ಥಿಯ ಶಿರೋಭಾಗವು ಶ್ರೋಣಿಯ ಉಲೂಖಲದಲ್ಲಿ ಸಂಧಿಸಲ್ಪಟ್ಟಿರುತ್ತದೆ.’

ನಮ್ಮ ಪತ್ರಿಕೆ ಓದುವವರು ಹೋಟೆಲ್ ಗಲ್ಲಾದಲ್ಲಿ ಕೂತವರು, ಲೋಕಲ್‌ನಲ್ಲಿ ನಿಂತವರು, ಮನೆಯಲ್ಲಿರುವ ಅಜ್ಜಿಯರು. ಊರ್ವಸ್ಥಿ ಅಂದರೆ ತೊಡೆ ಎಲುಬು, ಶ್ರೋಣಿ ಅಂದರೆ ಸೊಂಟದ ಕೆಳಗಿನ ಎಲುಬಿನ ಕಟ್ಟು. ‘ಸಂಧಿಸಲ್ಪಟ್ಟಿರುತ್ತದೆ’ ಅಂದರೆ ಕೂಡಿದೆ. ಇನ್ನು ಉಲೂಖಲ? ಒರಳು! ಕೀಲುಗಳನ್ನು 8 ಬಗೆಯಾಗಿ ವಿಂಗಡಿಸಿದ ಹಳೆಯ ಕಾಲದ ವೈದ್ಯ ಸುಶ್ರುತ, ಕಂಕುಳಿನ ಮತ್ತು ತೊಡೆಸಂದಿನ ಕೀಲುಗಳಿಗೆ ಆ ಹೆಸರಿಟ್ಟ. ಮನೆಯಲ್ಲಿ ದಿನಾ ಕಾಣುವ ವಸ್ತುವಿನ ಹೆಸರು ಅದು. ಈ ಕುಳಿಗೆ ನೀವು ಕಾಲೇಜಿನಲ್ಲಿ ಓದಿದ ಹೆಸರು ಅಸೆಟ್ಯಾಬುಲಮ್, ಅದೂ ಲ್ಯಾಟಿನ್‌ನಲ್ಲಿ ಊಟದ ಹೊತ್ತು ವಿನೆಗರ್ ಇಡುವ ಸಣ್ಣ ಬಟ್ಟಲು. ಇಬ್ಬರೂ ಅಡುಗೆಮನೆಯ ಮಾತನ್ನೇ ತಂದಿರುವಾಗ ನಾವು ಒರಳು ಅನ್ನಲು ಯಾಕೆ ಹಿಂಜರಿಯಬೇಕು?

ಒರಳು ಅಂತ ಬರೆದು ನೋಡಿ, ಮುಂದಿನದು ಸಲೀಸಾಗುತ್ತದೆ. ಒರಳಿನಲ್ಲಿ ಗುಂಡುಕಲ್ಲು ಕೂತ ಹಾಗೆ ತೊಡೆ ಎಲುಬಿನ ತಲೆ ಕೂತಿದೆ, ಎಲ್ಲ ಕಡೆಗೂ ತಿರುಗುತ್ತದೆ. ಈ ಒರಳು ಹುಟ್ಟಿದಾಗ ಮೂರು ಎಲುಬಿನ ತುಂಡು. ಹದಿಹರೆಯದಲ್ಲಿ ಬೆಸೆದುಕೊಂಡು ಒಂದಾಗುತ್ತದೆ. ಅಂಚಿಗೆ ಸುತ್ತಲೂ ಬಳೆಯ ಹಾಗೆ ಮೆತ್ತನೆಯ ಎಲುಬಿದೆ, ಗುಂಡು ಜಾರದ ಹಾಗೆ ಹಿಡಿಯುತ್ತದೆ. ಇಷ್ಟೂ ನಿಮ್ಮ ಲೇಖನದಲ್ಲಿ ಇದೆ. ಆದರೆ ಕಣ್ಣಿಗೆ ಕಾಣುವುದಿಲ್ಲ.

ನಾನು ಮುಂಬೈ ಫೋರ್ಟ್‌ನ ಒಂದು ಪತ್ರಿಕೆಯಲ್ಲಿ ಪ್ರೂಫ್ ನೋಡುತ್ತಿದ್ದಾಗ 1982ರ ಗಿರಣಿ ಮುಷ್ಕರದ ಬಗ್ಗೆ ಮೊದಲ ಬರಹ ಬರೆದೆ. ‘ಕಾರ್ಮಿಕರು ಜೀವನೋಪಾಯದಿಂದ ವಂಚಿತರಾಗಲ್ಪಟ್ಟರು’ ಅಂತ ಅದರಲ್ಲಿ ಒಂದು ವಾಕ್ಯ. ಸಂಪಾದಕರು ಕೆಂಪು ಪೆನ್ನು ಕೆಳಗಿಟ್ಟು, ‘ನಿನ್ನ ಅವ್ವ ಈ ಮಾತು ಯಾವತ್ತಾದರೂ ಆಡಿದ್ದಾಳಾ?’ ಅಂತ ಕೇಳಿದರು. ಆಡಿರಲಿಲ್ಲ. ಅಪ್ಪನ ಗಿರಣಿ ನಿಂತಾಗ ಅವ್ವ ಅಂದಿದ್ದು ‘ಕೆಲಸ ಹೋತು’ ಅಂತ ಅಷ್ಟೇ. ಆ ವಾಕ್ಯವನ್ನು ನಾಲ್ಕು ಸಲ ತಿರುಗಿಸಿ ಬರೆದೆ, ಅವರು ಎದುರಿಗೇ ಕೂತಿದ್ದರು.

ಎರಡನೆಯದು ಇದಕ್ಕಿಂತ ದೊಡ್ಡದು. ‘ಸೊಂಟದಲ್ಲಿ ನೋವು ಕಾಣಿಸಿಕೊಂಡಲ್ಲಿ ಈ ಕೀಲನ್ನು ಪರೀಕ್ಷಿಸಿಕೊಳ್ಳತಕ್ಕದ್ದು’ ಅಂತ ಬರೆದಿದ್ದೀರಿ. ಸೊಂಟ ಎಲ್ಲಿದೆ? ಸೀರೆಯ ನೆರಿಗೆ ಸಿಕ್ಕಿಸುವ ಜಾಗದಲ್ಲಿ. ಸೊಂಟ ನೋವು ಅಂದವರನ್ನು ತೋರಿಸಿ ಅಂದರೆ ಬೆನ್ನಿನ ಕೆಳಗೆ ಕೈ ಇಡುತ್ತಾರೆ. ಈ ಕೀಲಿನ ನೋವು ಜಾಸ್ತಿ ಕಾಣುವುದು ಮುಂದೆ, ತೊಡೆಸಂದಿನಲ್ಲಿ. ಕೆಲವರಿಗೆ ಮೊಣಕಾಲಿಗೂ ಇಳಿಯುತ್ತದೆ. ಪಕ್ಕದಲ್ಲಿ ಕೈಗೆ ಸಿಗುವ ಗಟ್ಟಿ ಉಬ್ಬನ್ನೇ ಜನ ಕೀಲು ಅಂದುಕೊಳ್ಳುತ್ತಾರೆ. ಅದು ತೊಡೆ ಎಲುಬಿನದೇ ಹೊರಮೂಲೆ, ಕೀಲು ಇನ್ನೂ ಒಳಗಿದೆ. ಇದೆಲ್ಲ ನಿಮಗೆ ಗೊತ್ತು. ಓದುವವರಿಗೆ ಗೊತ್ತಿಲ್ಲ.

ನಮಗೂ ಗೊತ್ತಿರಲಿಲ್ಲ. ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಎದ್ದು ಗೋಡೆ ಹಿಡಿದು ನಡೆದಳು ಕೂಡ. ಬಿದ್ದವರಿಗೆ ಸೊಂಟ ಉಳುಕುತ್ತದೆ ಅಂತ ನಾವು ಬೆನ್ನಿಗೆ ಮುಲಾಮು ತಿಕ್ಕಿ ಬಿಸಿನೀರಿನ ಚೀಲ ಇಟ್ಟೆವು. ‘ಟೊಂಕ ಅಲ್ಲಪಾ, ತೊಡಿಸಂದ್ಯಾಗ’ ಅಂತ ಅವಳು ಹೇಳುತ್ತಲೇ ಇದ್ದಳು. ನಾಲ್ಕನೇ ದಿನ ಬೆಳಿಗ್ಗೆ ಏಳಲಿಲ್ಲ. ಚಾದರ ಸರಿಸಿದರೆ ಬಲಗಾಲು ಗಿಡ್ಡ, ಪಾದ ಪೂರ್ತಿ ಹೊರಗೆ ವಾಲಿತ್ತು. ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುತ್ತಿದ್ದ ಮಾವಶಿ ನೋಡಿದ ಕೂಡಲೇ ‘ಖುಬಾ’ ಅಂದರು. ಮರಾಠಿಯಲ್ಲಿ ಆ ಕೀಲಿಗೇ ಒಂದು ಮಾತಿದೆ, ಎಲ್ಲರ ಬಾಯಲ್ಲೂ ಇದೆ. ನಾವು ಸೊಂಟ ಅನ್ನುವ ಒಂದೇ ಮಾತು ಹಿಡಿದು ಮೂರು ದಿನ ಕಳೆದಿದ್ದೆವು.

ಮುರಿದಿದ್ದು ತೊಡೆ ಎಲುಬಿನ ಕತ್ತು. ನೀವು ಅದನ್ನು ‘ಮುರಿಯುವ ಸಂಭವವಿರುತ್ತದೆ’ ಅಂತ ಮುಗಿಸಿಬಿಟ್ಟಿದ್ದೀರಿ. ದಯವಿಟ್ಟು ಅಲ್ಲಿ ನಿಲ್ಲಿ. ಕತ್ತು ಎಲುಬಿನ ಉದ್ದನೆಯ ದಿಂಡಿಗೆ ಸುಮಾರು 125 ಡಿಗ್ರಿ ಓರೆಯಾಗಿ ನಿಂತು ಎಲುಬಿನ ತಲೆಯನ್ನು ಹೊತ್ತಿದೆ. ತಲೆಗೆ ಹೋಗುವ ರಕ್ತನಾಳಗಳಲ್ಲಿ ಹೆಚ್ಚಿನವು ಕತ್ತಿನ ಬುಡದಿಂದ ಎಲುಬಿಗೆ ಅಂಟಿಕೊಂಡೇ ಮೇಲೆ ಹತ್ತುತ್ತವೆ. ಕತ್ತು ಮುರಿದರೂ ತುಂಡುಗಳು ಒಂದರೊಳಗೊಂದು ಕಚ್ಚಿಕೊಂಡಿದ್ದರೆ ಅವ್ವನ ಹಾಗೆ ಕೆಲವರು ನಡೆಯುತ್ತಾರೆ. ಸರಿದರೆ ನಾಳಗಳೂ ಹರಿಯಬಹುದು, ಆಗ ತಲೆಗೆ ರಕ್ತವಿಲ್ಲ, ಅದು ಒಳಗೇ ಸಾಯುತ್ತದೆ. ವಯಸ್ಸಾದವರಿಗೆ ತಲೆಯನ್ನೇ ತೆಗೆದು ಲೋಹದ್ದು ಕೂರಿಸುವುದು ಅದಕ್ಕೇ. ಅದೇ ಎಲುಬು ಸ್ವಲ್ಪ ಕೆಳಗೆ, ಕತ್ತಿನ ಬುಡದಾಚೆ ಮುರಿದರೆ ಅಲ್ಲಿ ರಕ್ತ ಚೆನ್ನಾಗಿರುವುದರಿಂದ ಸಾಮಾನ್ಯವಾಗಿ ರಾಡು, ಸ್ಕ್ರೂ ಹಾಕಿ ಕೂಡಿಸುತ್ತಾರೆ. ಇದನ್ನು ನೀವು ಒಂದು ಪೂರ್ತಿ ಪುಟ ಬರೆಯಬೇಕು.

ನಿಮ್ಮ ಹತ್ತಿರ ಬರುವ ಕನ್ನಡದ ಅಜ್ಜಿಯರನ್ನು ಕೇಳಿ. ಆ ಜಾಗದ ಮೇಲೆ ಅವರ ಕೈಯನ್ನೇ ಇಡಿಸಿ, ಇದಕ್ಕೆ ಏನಂತೀರಿ ಅಂತ. ಒಬ್ಬೊಬ್ಬರು ಹೇಳಿದ್ದನ್ನೂ ಬರೆದುಕೊಂಡು ಲೇಖನದ ಜೊತೆ ಕಳಿಸಿ. ಮುಂದಿನ ತಿಂಗಳ ಸಂಚಿಕೆಯಲ್ಲಿ ನಿಮಗೆ ಎರಡು ಪುಟ ಬಿಟ್ಟಿದ್ದೇನೆ.