ಸಿನಿಮಾ ರಜೆಯಲ್ಲಿ ಇರಲಿ, ಸೀರಿಯಲ್ ಬೇಡ

ಹಾಸನದಿಂದ ತಾಯಿಯೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ.

‘ಮಗಳು ಏಳನೇ ಕ್ಲಾಸ್. ಹೋದ ಬೇಸಿಗೆಯಲ್ಲಿ ಒಂದು ಸಿನಿಮಾದಲ್ಲಿ ನಾಯಕಿಯ ತಂಗಿಯ ಪಾತ್ರ ಮಾಡಿದಳು. ಈಗ ಇನ್ನೊಂದು ಸಿನಿಮಾ ಬಂದಿದೆ, ಜೊತೆಗೆ ಒಂದು ಸೀರಿಯಲ್ಲೂ ಬಂದಿದೆ. ಸ್ಕೂಲ್ ಬಿಡಿಸಿ ಓಪನ್ ಸ್ಕೂಲಿಗೆ ಹಾಕಿ, ಎಲ್ಲರೂ ಹಾಗೇ ಮಾಡೋದು ಅಂತ ಸೀರಿಯಲ್ ಮ್ಯಾನೇಜರ್ ಹೇಳುತ್ತಾರೆ. ಹಾಜರಾತಿ ಕಡಿಮೆಯಾಗಿದೆ ಅಂತ ಹೆಡ್‌ಮಿಸ್ ಚೀಟಿ ಕಳಿಸಿದ್ದಾರೆ. ಎಲ್ಲ ನಿಲ್ಲಿಸು ಅಂತ ನಮ್ಮ ಮನೆಯವರು. ಕ್ಲಾಸಿನ ಮಕ್ಕಳು “ಹೀರೋಯಿನ್ ಬಂದ್ಲು” ಅಂತ ರೇಗಿಸಿದರೆ ಮಗಳು ಅಳುತ್ತಾಳೆ. ಮಾರನೇ ದಿನ ಮತ್ತೆ ಶೂಟಿಂಗ್ ಯಾವಾಗ ಅಂತ ಕೇಳುತ್ತಾಳೆ. ಏನು ಮಾಡಲಿ?’

ಮೇಡಂ, ನಮಸ್ಕಾರ. ನೇರವಾಗಿ ಹೇಳಿಬಿಡುತ್ತೇನೆ. ಸೀರಿಯಲ್ ಬೇಡ. ಓಪನ್ ಸ್ಕೂಲ್, ಅಂದರೆ ದಿನಾ ತರಗತಿಗೆ ಹೋಗದೆ ಮನೆಯಲ್ಲೇ ಓದಿ ಪರೀಕ್ಷೆ ಬರೆಯುವುದು, ಅದಂತೂ ಈಗ ಬೇಡವೇ ಬೇಡ. ಸಿನಿಮಾ ಮಾಡಲಿ, ರಜೆಗೆ ಹೊಂದುವುದಾದರೆ ಮಾತ್ರ.

ಮೊದಲು ಲೆಕ್ಕ ನೋಡಿ. ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ದಿನ ಪಾಠ ನಡೆಯಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಉಳಿಯುವುದು 145 ದಿನ. ಅದರಲ್ಲಿ ಭಾನುವಾರಗಳೇ 52. ಮಿಕ್ಕಿದ್ದರಲ್ಲಿ ಬೇಸಿಗೆ ರಜೆ, ದಸರಾ ರಜೆ, ಹಬ್ಬ, ಜ್ವರ, ಅಜ್ಜಿಮನೆ ಎಲ್ಲ ಬರಬೇಕು. ನಿಮ್ಮ ಮಗಳ ಪಾತ್ರದಷ್ಟು ದೊಡ್ಡ ಪಾತ್ರಕ್ಕೆ ಒಂದು ಸಿನಿಮಾದ ಶೂಟಿಂಗ್ ಇದರೊಳಗೆ ಹಿಡಿಸುತ್ತದೆ. ಸೀರಿಯಲ್ ಹಿಡಿಸುವುದಿಲ್ಲ. ಸಿನಿಮಾಕ್ಕೆ ಒಂದು ಕೊನೆ ಇರುತ್ತದೆ, ಕುಂಬಳಕಾಯಿ ಒಡೆದರೆ ಮುಗಿಯಿತು. ಸೀರಿಯಲ್ಲಿಗೆ ವಾರಕ್ಕೆ ಐದಾರು ಎಪಿಸೋಡ್ ಬೇಕು. ಟಿಆರ್‌ಪಿ ಚೆನ್ನಾಗಿದ್ದರೆ ಅದು ಮುಗಿಯುವುದೇ ಇಲ್ಲ. ಪಾತ್ರ ಜನಪ್ರಿಯ ಆದಷ್ಟೂ ಮಗುವಿನ ದಿನಗಳು ಜಾಸ್ತಿ ಹೋಗುತ್ತವೆ. ‘ಓಪನ್ ಸ್ಕೂಲಿಗೆ ಹಾಕಿ’ ಅನ್ನುವ ಸಲಹೆ ಅದಕ್ಕೇ ಬರುವುದು. ಅದು ಮಗುವಿನ ಓದಿಗೆ ಹುಡುಕಿದ ದಾರಿ ಅಲ್ಲ, ಅವರ ಶೆಡ್ಯೂಲಿಗೆ ಹುಡುಕಿದ ದಾರಿ. ಓಪನ್ ಸ್ಕೂಲ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಬೇಕಾದವರಿಗೆ ಅದು ದೊಡ್ಡ ಆಸರೆ. ನಿಮ್ಮ ಮಗಳಿಗೆ ಸ್ಕೂಲ್ ಇದೆ. ಕ್ಲಾಸಿನ ಮಕ್ಕಳು ರೇಗಿಸಿದರೆ ಅಳುತ್ತಾಳೆ ಅಂದರೆ ಅವಳಿಗೆ ಅದು ಬೇಕು ಅಂತಲೇ ನನಗೆ ಅನ್ನಿಸುತ್ತದೆ.

ಇನ್ನು ಕಾನೂನು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು. ಹದಿನಾಲ್ಕರೊಳಗಿನ ಮಕ್ಕಳು ಸಿನಿಮಾ, ಸೀರಿಯಲ್, ಜಾಹೀರಾತಿನಲ್ಲಿ ನಟಿಸಬಹುದು, ಆದರೆ ಶಾಲೆಯ ಓದಿಗೆ ತೊಂದರೆ ಆಗಕೂಡದು ಅಂತ ಅದರಲ್ಲೇ ಬರೆದಿದೆ. 2017ರ ನಿಯಮಗಳು ಇನ್ನೂ ಬಿಡಿಸಿ ಹೇಳುತ್ತವೆ. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಇಲ್ಲ. ವಿರಾಮ ಕೊಡದೆ ಮೂರು ಗಂಟೆ ದಾಟುವಂತಿಲ್ಲ. ಸತತ 27 ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ಶೂಟಿಂಗ್ ಯಾವ ಜಿಲ್ಲೆಯಲ್ಲೋ ಅಲ್ಲಿನ ಜಿಲ್ಲಾಧಿಕಾರಿಯ ಅನುಮತಿಯನ್ನು ನಿರ್ಮಾಪಕರೇ ತರಬೇಕು. ಪಾಠ ತಪ್ಪದಂತೆ ವ್ಯವಸ್ಥೆಯನ್ನೂ ಅವರೇ ಮಾಡಬೇಕು. ಮಗುವಿನ ಇಷ್ಟಕ್ಕೆ ವಿರುದ್ಧವಾಗಿ ನಟನೆ ಮಾಡಿಸುವಂತಿಲ್ಲ. ಹೋದ ಸಲ ಇದರಲ್ಲಿ ಯಾವುದನ್ನಾದರೂ ನಿಮಗೆ ಯಾರಾದರೂ ಹೇಳಿದರಾ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ, ಅದಕ್ಕೆ ಕೇಳಿದೆ. ಈ ಸಲ ಒಪ್ಪಿಕೊಳ್ಳುವ ಮೊದಲು ಡಿಸಿ ಅನುಮತಿಯ ಪ್ರತಿ ಕೇಳಿ. ಕೇಳಿದ ತಕ್ಷಣ ಪ್ರೊಡಕ್ಷನ್‌ನವರ ಮುಖ ಹೇಗಾಗುತ್ತದೆ ನೋಡಿ, ಮುಂದಿನ ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ.

ಆ ಐದು ಗಂಟೆಯೊಳಗೂ ಒಂದು ಮೋಸ ಇದೆ. ಬೆಳಗ್ಗೆ ಏಳಕ್ಕೆ ಬನ್ನಿ ಅನ್ನುತ್ತಾರೆ. ಮೇಕಪ್ ಆಗುತ್ತದೆ, ಲೈಟಿಂಗ್ ಆಗುತ್ತದೆ, ಯಾವುದೋ ದೊಡ್ಡ ನಟರು ತಡವಾಗಿ ಬರುತ್ತಾರೆ. ನಿಮ್ಮ ಮಗಳ ಶಾಟ್ ರೆಡಿ ಆಗುವುದು ಮಧ್ಯಾಹ್ನ ಎರಡಕ್ಕೆ. ಕಾದದ್ದನ್ನು ಯಾರೂ ಕೆಲಸ ಅಂತ ಎಣಿಸುವುದಿಲ್ಲ. ನೀವು ಎಣಿಸಿ. ಹಾಗೇ ಡಬ್ಬಿಂಗ್, ಕಾಸ್ಟ್ಯೂಮ್ ಟ್ರಯಲ್, ಪ್ಯಾಚ್‌ವರ್ಕ್ (ಬಿಟ್ಟುಹೋದ ಶಾಟ್‌ಗಳನ್ನು ಆಮೇಲೆ ತೆಗೆಯುವುದು), ಟ್ರೈಲರ್ ಬಿಡುಗಡೆ, ಊರೂರು ಪ್ರಮೋಷನ್. ಇವು ಒಪ್ಪಂದ ಮಾತಾಡುವಾಗ ಬರುವುದೇ ಇಲ್ಲ. ಆಮೇಲೆ ಒಂದೊಂದೇ ಶುಕ್ರವಾರ, ಒಂದೊಂದೇ ಪರೀಕ್ಷೆ ತಿನ್ನುತ್ತವೆ. ಹಾಜರಾತಿ ಹೇಗೆ ಕಡಿಮೆ ಆಯಿತು ಅಂತ ನೀವು ಬರೆದಿಲ್ಲ. ಸಿನಿಮಾ ಬೇಸಿಗೆಯಲ್ಲೇ ಮುಗಿದಿದ್ದರೆ, ನನ್ನ ಅನುಮಾನ ಇವುಗಳ ಮೇಲೇ.

‘ಈಗ ಬಿಟ್ಟರೆ ಮತ್ತೆ ಅವಕಾಶ ಸಿಗಲ್ಲ’ ಅಂತ ನಿಮ್ಮನ್ನು ಹೆದರಿಸಿರುತ್ತಾರೆ. ನಮ್ಮಲ್ಲೇ ನೋಡಿ. ಪುನೀತ್ ರಾಜ್‌ಕುಮಾರ್ ‘ಬೆಟ್ಟದ ಹೂವು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ತಂದಾಗ ಹತ್ತು ವರ್ಷದ ಹುಡುಗ. 1989ರ ‘ಪರಶುರಾಮ್’ ಆದಮೇಲೆ ನಾಯಕನಾಗಿ ತೆರೆಗೆ ಬಂದದ್ದು 2002ರಲ್ಲಿ, ‘ಅಪ್ಪು’ವಿನಲ್ಲಿ. ವಿಜಯ ರಾಘವೇಂದ್ರ ‘ಕೊಟ್ರೇಶಿ ಕನಸು’ವಿಗೆ ರಾಷ್ಟ್ರಪ್ರಶಸ್ತಿ ಪಡೆದರು. ಅವರೂ ನಾಯಕರಾದದ್ದು 2002ರಲ್ಲೇ. ನಡುವಿನ ವರ್ಷಗಳಲ್ಲಿ ಜನ ಇವರನ್ನು ಮರೆತರಾ? ಇಬ್ಬರೂ ಸಿನಿಮಾ ಮನೆತನದವರು, ಅವರಿಗೆ ಬಾಗಿಲು ತೆರೆದೇ ಇತ್ತು ಅಂತ ನೀವು ಅಂದರೆ ಒಪ್ಪುತ್ತೇನೆ. ಪುನೀತ್ ಹೆಚ್ಚಾಗಿ ಮನೆಪಾಠದಲ್ಲೇ ಕಲಿತರು ಅನ್ನುವುದೂ ನಿಜ. ಆದರೆ ಅದು ಯಾವ ಮನೆ! ರಾಜ್‌ಕುಮಾರ್, ಪಾರ್ವತಮ್ಮನವರ ಕಣ್ಣಮುಂದೆ ಬೆಳೆದ ಹುಡುಗನಿಗೆ ಒಪ್ಪಿದ್ದು, ಕ್ಯಾರವಾನ್ ಹೊರಗೆ ಪ್ಲಾಸ್ಟಿಕ್ ಕುರ್ಚಿ ಮೇಲೆ ಗಣಿತ ಮಾಡುವ ನಮ್ಮ ನಿಮ್ಮ ಮಕ್ಕಳಿಗೆ ಒಪ್ಪುವುದಿಲ್ಲ.

ನನಗೆ ಜಾಸ್ತಿ ಇಷ್ಟವಾಗುವ ಉದಾಹರಣೆ ಮಾಸ್ಟರ್ ಮಂಜುನಾಥ್. ಆಗುಂಬೆಯಲ್ಲಿ ಶಂಕರ್ ನಾಗ್ ತೆಗೆದ ‘ಮಾಲ್ಗುಡಿ ಡೇಸ್’ನ ಸ್ವಾಮಿ. ದೇಶಕ್ಕೆ ದೇಶವೇ ಗುರುತಿಸುತ್ತಿದ್ದ ಮುಖ ಅದು. ಅವರು ಮುಂದೆ ನಟನೆ ಬಿಟ್ಟು ಓದು ಮುಗಿಸಿ ಬೇರೆ ಉದ್ಯೋಗ ಹಿಡಿದರು. ಅದನ್ನು ಸೋಲು ಅಂತ ನೋಡುವವರು ಇದ್ದಾರೆ. ನನಗಂತೂ ಹಾಗೆ ಕಾಣುವುದಿಲ್ಲ. ಇನ್ನೊಂದು ತಮಾಷೆ ನೋಡಿ. ಆ ಸ್ವಾಮಿ ಯಾರು? ಸ್ಕೂಲಿಗೆ ಹೋಗಲು ಸೋಮಾರಿತನ ಪಡುವ, ಮೇಷ್ಟರಿಗೆ ಹೆದರುವ, ಗೆಳೆಯರ ಜೊತೆ ಕ್ರಿಕೆಟ್ ಕನಸು ಕಾಣುವ ಹುಡುಗ. ಬೆಂಚು, ಬೆತ್ತ, ಟೂ ಬಿಡುವುದು, ಗುಂಪು ಕಟ್ಟುವುದು, ಇದೆಲ್ಲ ಗೊತ್ತಿಲ್ಲದ ಮಗು ಅಂಥ ಪಾತ್ರ ಮಾಡುವುದಾದರೂ ಹೇಗೆ? ನಿಮ್ಮ ಮಗಳನ್ನು ನಿರ್ದೇಶಕರು ಆರಿಸಿದ್ದು ಅವಳು ಏಳನೇ ಕ್ಲಾಸಿನ ಹುಡುಗಿ ಥರ ಇದ್ದಾಳೆ ಅಂತ. ಎರಡು ವರ್ಷ ಸೆಟ್ಟಿನಲ್ಲೇ ಬೆಳೆದರೆ ಅದು ಹೋಗಿಬಿಡುತ್ತದೆ. ಕೆಲವು ಸೀರಿಯಲ್‌ಗಳಲ್ಲಿ ಎಂಟು ವರ್ಷದ ಮಕ್ಕಳು ಅತ್ತೆಯಂದಿರ ಡೈಲಾಗ್ ಹೊಡೆಯುವುದನ್ನು ನೋಡಿದ್ದೀರಲ್ವಾ? ನನಗೆ ಅದನ್ನು ನೋಡಲು ಆಗುವುದಿಲ್ಲ.

ಪಾಠ ತಪ್ಪಿದರೆ ತುಂಬಿಕೊಳ್ಳಬಹುದು. ಟೀಚರ್ ನೋಟ್ಸ್ ಕಳಿಸುತ್ತಾರೆ, ಭಿನ್ನರಾಶಿಯನ್ನು ಮನೆಯಲ್ಲೂ ಕಲಿಸಬಹುದು. ಖೋಖೋ ತಂಡದಲ್ಲಿ ತಪ್ಪಿದ ಜಾಗ ಹಾಗಲ್ಲ, ಅದನ್ನು ಬೇರೆ ಹುಡುಗಿ ತಗೊಂಡಿರುತ್ತಾಳೆ. ಸೆಟ್ಟಿನಲ್ಲಿ ಬಾಯಾರಿದೆ ಅಂದರೆ ಯಾರೋ ಬಾಟಲಿ ಹಿಡಿದು ಓಡಿ ಬರುತ್ತಾರೆ. ಸ್ಕೂಲಿನಲ್ಲಿ ನಲ್ಲಿ ಮುಂದೆ ಸಾಲಿನಲ್ಲಿ ನಿಲ್ಲಬೇಕು. ‘ಹೀರೋಯಿನ್ ಬಂದ್ಲು’ ಅನ್ನುವವರ ಮೇಲೆ ದೂರು ಕೊಡಲು ಹೋಗಬೇಡಿ. ಅವಳು ಒಂದು ತಿಂಗಳು ಬಿಡದೆ ಸ್ಕೂಲಿಗೆ ಹೋದರೆ ಅವರಿಗೇ ಬೇಜಾರಾಗಿ ಬಿಡುತ್ತಾರೆ. ಹೆಡ್‌ಮಿಸ್ ಹತ್ತಿರ ಒಂದು ಮಾತು ಮಾತ್ರ ಹೇಳಿ: ವಾರ್ಷಿಕೋತ್ಸವದಲ್ಲಿ ಅವಳನ್ನು ವೇದಿಕೆ ಮೇಲೆ ಕೂರಿಸಬೇಡಿ, ಬಂದ ಅತಿಥಿಗಳ ಮುಂದೆ ‘ಒಂದು ಡೈಲಾಗ್ ಹೇಳಮ್ಮ’ ಅನ್ನಬೇಡಿ. ಅದೇ ಮಾತು ನಿಮ್ಮ ಮನೆಗೆ ಬರುವ ನೆಂಟರಿಗೂ.

ದುಡ್ಡಿನ ವಿಷಯ ನೀವು ಎತ್ತಿಲ್ಲ, ನಾನು ಎತ್ತುತ್ತೇನೆ. ಚಾಪ್ಲಿನ್ ಜೊತೆ 1921ರಲ್ಲಿ ‘ದಿ ಕಿಡ್’ ಚಿತ್ರದಲ್ಲಿ ನಟಿಸಿದ ಜಾಕಿ ಕೂಗನ್ ಎಂಬ ಹುಡುಗ ಲಕ್ಷಗಟ್ಟಲೆ ಡಾಲರ್ ದುಡಿದ. ದೊಡ್ಡವನಾಗಿ ನೋಡಿದರೆ ಬಹುಪಾಲು ಖರ್ಚಾಗಿತ್ತು. 1938ರಲ್ಲಿ ತಾಯಿ ಮತ್ತು ಮಲತಂದೆಯ ಮೇಲೇ ಕೇಸು ಹಾಕಿದ. ಮಕ್ಕಳ ಗಳಿಕೆಯನ್ನು ಕಾಪಾಡುವ ಕಾನೂನು ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಬಂತು. ನಮ್ಮ ನಿಯಮದ ಪ್ರಕಾರ ಮಗುವಿನ ಗಳಿಕೆಯಲ್ಲಿ ಕನಿಷ್ಠ 20 ಶೇಕಡ ಅವಳ ಹೆಸರಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಎಫ್‌ಡಿ ಆಗಬೇಕು, ಅದೂ ನೇರವಾಗಿ. ನನ್ನ ಕೇಳಿದರೆ ಪ್ರಯಾಣ, ಊಟದ ಖರ್ಚು ಕಳೆದು ಪೂರ್ತಿ ಇಟ್ಟುಬಿಡಿ. ಅವಳ ದುಡ್ಡಿನಲ್ಲಿ ಮನೆಯ ಇಎಂಐ ಕಟ್ಟಲು ಶುರು ಮಾಡಿದ ದಿನದಿಂದ ‘ಬೇಡ’ ಅನ್ನುವ ಧೈರ್ಯ ನಿಮಗೂ ಇರುವುದಿಲ್ಲ, ಅವಳಿಗೂ ಇರುವುದಿಲ್ಲ.

ನಿಮ್ಮ ಯಜಮಾನರು ಪೂರ್ತಿ ತಪ್ಪು ಅಂತ ನಾನು ಹೇಳಲಾರೆ. ಆದರೆ ನಟನೆ ಇಷ್ಟ ಅನ್ನುವ ಮಗುವಿಗೆ ಎಲ್ಲವನ್ನೂ ಒಂದೇ ಸಲ ನಿಲ್ಲಿಸಿದರೆ, ಅವಳು ಸ್ಕೂಲನ್ನೇ ಶತ್ರು ಅಂತ ತಿಳಿಯುತ್ತಾಳೆ. ವರ್ಷಕ್ಕೆ ಒಂದು ಸಿನಿಮಾ, ಬೇಸಿಗೆಯಲ್ಲಿ ಅಥವಾ ದಸರಾದಲ್ಲಿ. ಒಂಬತ್ತನೇ ಕ್ಲಾಸ್ ಬಂದಾಗ ಮತ್ತೆ ಮೂವರೂ ಕೂತು ಮಾತಾಡಿ. ಎಸ್ಸೆಸ್ಸೆಲ್ಸಿ ವರ್ಷ 75 ಶೇಕಡ ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ, ಆಗ ಚರ್ಚೆಗೆ ಜಾಗವೇ ಇರುವುದಿಲ್ಲ.

ಸಿನಿಮಾದವರಿಗೆ ರಜೆಯ ದಿನಾಂಕಗಳನ್ನು ಕಾಗದದಲ್ಲಿ ಬರೆದು ಕೊಡಿ. ಡಬ್ಬಿಂಗ್ ಭಾನುವಾರ ಮಾತ್ರ ಅಂತ ಒಪ್ಪಂದದಲ್ಲೇ ಹಾಕಿಸಿ. ಸೀರಿಯಲ್ ಮ್ಯಾನೇಜರ್‌ಗೆ ಇವತ್ತೇ ಫೋನ್ ಮಾಡಿ, ಆಗಲ್ಲ ಅಂತ ಹೇಳಿ. ಮುಲಾಜಿಗೆ ಬಿದ್ದು ‘ಯೋಚನೆ ಮಾಡಿ ಹೇಳ್ತೀನಿ’ ಅನ್ನಬೇಡಿ. ಹಾಗಂದರೆ ಅವರು ಸುಮ್ನೆ ಡೇಟ್ಸ್ ಬರೆದುಕೊಂಡುಬಿಡುತ್ತಾರೆ.