ದೊಡ್ಡ ಹೆಸರಿನ ಕಾಲೇಜಲ್ಲಿ ಸಿವಿಲ್ಲೋ, ಹಾಸನದಲ್ಲಿ ಇ.ಸಿ.ಯೋ?

ನಿಮ್ಮ ಸಿಇಟಿ ರ‍್ಯಾಂಕಿಗೆ ಬೆಂಗಳೂರಿನ ದೊಡ್ಡ ಹೆಸರಿನ ಕಾಲೇಜಿನಲ್ಲಿ ಸಿವಿಲ್ ಸಿಗಬಹುದು, ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಲ್ಲಿ ಇ.ಸಿ. (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್) ಸಿಗಬಹುದು. ಆಸಕ್ತಿ ಎಲೆಕ್ಟ್ರಾನಿಕ್ಸ್‌ನಲ್ಲಿ, ಮನೆಯವರು ಮಾತ್ರ ಹೆಸರೇ ಮುಖ್ಯ ಅನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಆಪ್ಷನ್ ಪಟ್ಟಿಯಲ್ಲಿ ಹಾಸನದ ಇ.ಸಿ.ಯನ್ನೇ ಮೇಲೆ ಹಾಕಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಕಾಲೇಜಿನ ಹೆಸರು ಹೆಚ್ಚಾಗಿ ಕೆಲಸಕ್ಕೆ ಬರುವುದು ಕ್ಯಾಂಪಸ್ಸಿಗೆ ಬರುವ ಕಂಪನಿಗಳ ವಿಷಯದಲ್ಲಿ. ಆದರೆ ಆ ಕಂಪನಿಗಳೆಲ್ಲ ಎಲ್ಲ ಬ್ರಾಂಚಿನವರನ್ನೂ ಕರೆಯುವುದಿಲ್ಲ. ಚಿಪ್ ಡಿಸೈನ್ ಕಂಪನಿ ಬಂದರೆ ಸಿವಿಲ್‌ನವರಿಗೆ ಸಾಮಾನ್ಯವಾಗಿ ಟೆಸ್ಟ್ ಬರೆಯಲೂ ಅವಕಾಶ ಇರುವುದಿಲ್ಲ. ಎಂ.ಟೆಕ್. ಸೇರಲು ಬರೆಯುವ ಗೇಟ್ ಪರೀಕ್ಷೆ ಬರೆದು ಮುಂದೆ ಓದುವುದಾದರೆ ನೋಡುವುದು ನಿಮ್ಮ ಸ್ಕೋರನ್ನು, ಕಾಲೇಜಿನ ಬೋರ್ಡನ್ನಲ್ಲ. ಎರಡೂ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯ ಸ್ವಾಯತ್ತ ಕಾಲೇಜುಗಳಾಗಿದ್ದರೆ ಪದವಿ ಕೊಡುವುದೂ ಒಂದೇ ವಿಶ್ವವಿದ್ಯಾಲಯ. "ಸೇರಿಕೊಂಡು ಆಮೇಲೆ ಬ್ರಾಂಚ್ ಬದಲಾಯಿಸಿದರಾಯ್ತು" ಅನ್ನುವವರ ಮಾತು ನಂಬಬೇಡಿ. ಅದಕ್ಕೆ ಆ ಬ್ರಾಂಚಿನಲ್ಲಿ ಸೀಟು ಖಾಲಿ ಬೀಳಬೇಕು, ಖಾಲಿ ಬಿದ್ದರೂ ಅಂಕದಲ್ಲಿ ಮುಂದಿರುವವರಿಗೇ ಸಿಗುತ್ತದೆ.

ಒಂದೇ ಬ್ರಾಂಚ್ ಎರಡು ಕಡೆ ಸಿಗುತ್ತಿದ್ದರೆ, ಅಥವಾ ನಿಮಗೆ ಸಿವಿಲ್ ಕೂಡ ಅಷ್ಟೇ ಇಷ್ಟವಿದ್ದರೆ, ಆಗ ಹೆಸರಿಗೇ ಹೋಗಿ. ಅಲ್ಲಿ ಮನೆಯವರ ಮಾತು ಸರಿ.

ಇನ್ನು ಹೆಸರನ್ನು ಅಳೆಯುವ ಬಗೆ. ಕೇಂದ್ರ ಸರ್ಕಾರ ಕಾಲೇಜುಗಳಿಗೆ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿನಲ್ಲಿ ಸಂಶೋಧನೆಗೆ 30% ತೂಕ, ಜನಾಭಿಪ್ರಾಯಕ್ಕೆ 10%. ಪಾಸಾಗಿ ಹೊರಬಂದವರ ಫಲಿತಾಂಶಕ್ಕೆ 20% ಮಾತ್ರ. ಹಾಗಾಗಿ ರ‍್ಯಾಂಕ್ ಬಿಟ್ಟು, ಕಾಲೇಜು ಎನ್‌ಐಆರ್‌ಎಫ್‌ಗೆ ಸಲ್ಲಿಸಿದ ಮಾಹಿತಿಯ ಪಿಡಿಎಫ್ ತೆಗೆಯಿರಿ. ಕಾಲೇಜಿನ ವೆಬ್‌ಸೈಟಿನಲ್ಲೇ ಇರುತ್ತದೆ. ನಾಲ್ಕು ವರ್ಷದ ಕೋರ್ಸಿನ ಕೋಷ್ಟಕದಲ್ಲಿ ಒಂದು ಬ್ಯಾಚಿನ ಸಾಲು ಹಿಡಿಯಿರಿ. ಉದಾಹರಣೆಗೆ, ಮೊದಲ ವರ್ಷ ಸೇರಿದವರು 560, ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಬಂದವರು 40, ಕೆಲಸ ಸಿಕ್ಕವರು 300, ಉನ್ನತ ವ್ಯಾಸಂಗಕ್ಕೆ ಹೋದವರು 42 ಎಂದಿಟ್ಟುಕೊಳ್ಳಿ. 342ನ್ನು 600ರಿಂದ ಭಾಗಿಸಿದರೆ 57%. ಅದೇ ಕಾಲೇಜಿನ ಜಾಹೀರಾತಿನಲ್ಲಿ 90% ಎಂದಿರಬಹುದು. ಅಲ್ಲಿ ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇದ್ದವರನ್ನೂ ಪ್ಲೇಸ್‌ಮೆಂಟಿಗೆ ಹೆಸರು ನೋಂದಾಯಿಸದವರನ್ನೂ ಲೆಕ್ಕದಿಂದ ಹೊರಗಿಟ್ಟಿರುತ್ತಾರೆ. ಸಂಬಳಕ್ಕೂ ಹಾಗೇ: ಅತಿ ಹೆಚ್ಚಿನ ಪ್ಯಾಕೇಜ್ ಒಬ್ಬಿಬ್ಬರದು, ಪಿಡಿಎಫ್‌ನಲ್ಲಿರುವ ಮೀಡಿಯನ್ ಸಂಬಳ, ಅಂದರೆ ಸಾಲಿನ ನಡುವಿನವರ ಸಂಬಳ ನೋಡಿ. ಈ ಅಂಕಿಗಳು ಎಲ್ಲ ಬ್ರಾಂಚುಗಳದ್ದೂ ಒಟ್ಟಿಗೆ ಇರುವುದರಿಂದ, ಇ.ಸಿ.ಯದ್ದನ್ನು ಬೇರೆಯಾಗಿ ಪ್ಲೇಸ್‌ಮೆಂಟ್ ವಿಭಾಗದಲ್ಲಿ ಕೇಳಿ. ಗುಣಮಟ್ಟ ಪರಿಶೀಲಿಸುವ ಸಂಸ್ಥೆಗಳೂ ಎರಡಿವೆ: ನ್ಯಾಕ್ ಗ್ರೇಡ್ ಇಡೀ ಕಾಲೇಜಿನದು, ಎನ್‌ಬಿಎ ಮಾನ್ಯತೆ ಬ್ರಾಂಚಿನದು. ನಿಮಗೆ ಬೇಕಾದದ್ದು ಎರಡನೆಯದು, ಅದರ ಅವಧಿ ಮುಗಿದಿಲ್ಲವೇ ಎಂದೂ ನೋಡಿಕೊಳ್ಳಿ.

ಸಾಧ್ಯವಾದರೆ ಒಂದು ದಿನ ಹಾಸನಕ್ಕೆ ಹೋಗಿಬನ್ನಿ. ಮೂರನೇ ವರ್ಷದ ಇ.ಸಿ. ವಿದ್ಯಾರ್ಥಿಗಳನ್ನು ಹಿಡಿದು, ಲ್ಯಾಬಿನಲ್ಲಿ ಒಂದು ಕಿಟ್‌ಗೆ ಎಷ್ಟು ಜನ, ಕಳೆದ ಸೆಮಿಸ್ಟರಿನಲ್ಲಿ ಪಾಠ ಮಾಡಿದವರು ಯಾರು ಯಾರು, ಇಂಟರ್ನ್‌ಶಿಪ್ ಎಲ್ಲಿ ಸಿಕ್ಕಿತು ಎಂದು ಕೇಳಿ. ಬ್ರೋಷರಿನಲ್ಲಿ ಇದ್ಯಾವುದೂ ಸಿಗುವುದಿಲ್ಲ.

ತುಂಬಾ ಜನ ಎಡವುವುದು ಸೀಟು ಹಂಚುವ ಕೆಇಎಯ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜು-ಬ್ರಾಂಚುಗಳನ್ನು ಕ್ರಮವಾಗಿ ತುಂಬುವಾಗ. ಕಳೆದ ವರ್ಷದ ಕಟ್‌ಆಫ್ ನೋಡಿ ಅದೇ ಕ್ರಮದಲ್ಲಿ ತುಂಬಿಬಿಡುತ್ತಾರೆ. ಕಟ್‌ಆಫ್ ನೋಡಬೇಕು, ಅದೂ ನಿಮ್ಮ ಕೆಟಗರಿ ಕೋಡಿನದನ್ನೇ, ಅಂದರೆ ಗ್ರಾಮೀಣ ಅಥವಾ ಕನ್ನಡ ಮಾಧ್ಯಮ ಮೀಸಲಾತಿ ಇದ್ದರೆ ಆ ಕೋಡಿನದನ್ನು. ಆದರೆ ಕ್ರಮ ಮಾತ್ರ ನಿಮ್ಮ ಇಷ್ಟದ್ದಾಗಿರಬೇಕು. ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು, ನಿಮ್ಮ ರ‍್ಯಾಂಕಿಗೆ ಮೊದಲು ಸಿಗುವುದನ್ನು ಕೊಡುತ್ತಾರೆ. ಕೈಗೆಟುಕದ್ದನ್ನು ಮೇಲೆ ಹಾಕಿದರೆ ನಷ್ಟವಿಲ್ಲ. ಮನೆಯವರ ಸಮಾಧಾನಕ್ಕೆಂದು ಸಿವಿಲ್ಲನ್ನು ಇ.ಸಿ.ಗಿಂತ ಮೇಲೆ ಹಾಕಿದರೆ ಮಾತ್ರ ಅದೇ ಸಿಕ್ಕಿಬಿಡುತ್ತದೆ, ಕೆಳಗಿನ ಇ.ಸಿ. ಕೈತಪ್ಪುತ್ತದೆ. ನಿಜವಾದ ಹಂಚಿಕೆಗೆ ಮೊದಲು ಪ್ರಯೋಗಕ್ಕೆಂದು ಮಾಡುವ ಅಣಕು ಹಂಚಿಕೆ (ಮಾಕ್ ಅಲಾಟ್ಮೆಂಟ್) ಬಂದಾಗ ಇದು ಗೊತ್ತಾಗುತ್ತದೆ, ಆಗಲೇ ಕ್ರಮ ತಿದ್ದಿ.

ಸೀಟು ಸಿಕ್ಕ ಮೇಲೆ ಚಾಯ್ಸ್ 1 ಎಂದರೆ ಒಪ್ಪಿ ಸೇರುವುದು, ಚಾಯ್ಸ್ 2 ಎಂದರೆ ಇದನ್ನು ಹಿಡಿದುಕೊಂಡು ಮೇಲಿನದಕ್ಕೆ ಕಾಯುವುದು. ಮೇಲಿನದು ಸಿಕ್ಕ ಕ್ಷಣ ಹಳೆಯ ಸೀಟು ತಾನಾಗಿ ರದ್ದಾಗುತ್ತದೆ, ವಾಪಸ್ ಬರುವುದಿಲ್ಲ. ಹಾಸನದ ಇ.ಸಿ. ಕೈಯಲ್ಲಿಟ್ಟುಕೊಂಡು ಚಾಯ್ಸ್ 2 ಕೊಡುವುದಾದರೆ, ಮುಂದಿನ ಸುತ್ತಿಗೆ ಆಪ್ಷನ್ ತಿದ್ದಲು ಅವಕಾಶ ಕೊಟ್ಟಾಗ, ಸಿಕ್ಕರೂ ಸೇರದ ಸೀಟುಗಳನ್ನೆಲ್ಲ ಮೇಲಿನಿಂದ ಅಳಿಸಿಬಿಡಿ.