ಲೈಸೆನ್ಸ್ ಐತೆ ಅಂದ್ರೆ ಸಾಲಲ್ಲ ಯಜಮಾನ್ರೆ

ಹೊಳಲ್ಕೆರೆ ಕಡೆಯ ಅಡಿಕೆ ಬೆಳೆಗಾರರೊಬ್ರು ಬರೆದಿದಾರೆ: "ಮಗ ಕೆನಡಾದಲ್ಲಿದಾನೆ, ಅವನ ಜೊತೆ ಶಿಕಾರಿಗೆ ಹೋಗೋಕೆ ನಮ್ಮ ಜೋಡುನಳಿಗೆ ಬಂದೂಕು ಒಯ್ಯಬೇಕು ಅಂತ ಆಸೆ. ಡಿಸಿ ಕೊಟ್ಟ ಲೈಸೆನ್ಸ್ ನನ್ನ ಹೆಸರಲ್ಲೇ ಐತೆ, ಸ್ವಂತ ಬಳಕೆಗೆ ಒಯ್ಯಬಹುದು ಅಂತ ಕಾನೂನಲ್ಲೇ ಇದೆ. ಆದ್ರೂ ಟಿಕೆಟ್ ಏಜೆಂಟ್ ಹೆದರಿಸ್ತಾನೆ. ಮರ್ಯಾದಸ್ಥ ರೈತನ್ನ ಕಳ್ಳನ ಥರ ನೋಡೋದ್ಯಾಕೆ?"

ಯಜಮಾನ್ರೆ, ನೀವು ಹೇಳೋ ಕಾನೂನು ಇರೋದು ನಿಜ. 1959ರ ಆಯುಧ ಕಾಯ್ದೆ 10ನೇ ಸೆಕ್ಷನ್. ಅದನ್ನ ಹುಡುಕಿ ಓದಿದೀರಲ್ಲ, ಅದಕ್ಕೆ ಒಂದು ಶಹಬ್ಬಾಸ್. ಆದ್ರೆ ಅದರ ಕೆಳಗಿನ ಸಾಲು ಯಾಕೆ ಬಿಟ್ರಿ? ಒಯ್ಯೋ ಪ್ರಮಾಣ ಸರಿಯಾದದ್ದಾ, ನಿಜವಾಗ್ಲೂ ಸ್ವಂತಕ್ಕಾ ಅಂತ ಪ್ರಶ್ನೆ ಎದ್ರೆ ಕೇಂದ್ರ ಸರ್ಕಾರದ ಆದೇಶ ಬರೋವರೆಗೆ ಕಸ್ಟಮ್ಸ್ ಕಮಿಷನರ್ ಬಂದೂಕನ್ನ ತಡೆದಿಟ್ಕೋಬಹುದು, ನಾವು ಹೇಳಿದ್ದು ನಡೆಯಲ್ಲ. ಅದೂ ನಮ್ಮ ಕಡೆ ಬಾಗಿಲಿನ ಕಥೆ ಅಷ್ಟೇ, ಆಚೆ ಕಡೆ ಬಾಗಿಲಿನ ಚಿಲಕ ಅವರ ಕೈಲಿರ್ತದೆ. ಕೆನಡಾದಲ್ಲಿ ಪರದೇಶದವರು ಬಂದೂಕು ತಂದ್ರೆ ಒಂದು ಫಾರಂ ತುಂಬಿ ಅಲ್ಲಿನ ಅಧಿಕಾರಿ ಎದುರೇ ಸೈನ್ ಹಾಕಬೇಕು, 25 ಡಾಲರ್ ಕಟ್ಟಬೇಕು, ಅದು ನಡೆಯೋದು 60 ದಿನ. ಮಧ್ಯೆ ದುಬೈನಲ್ಲೋ ಲಂಡನ್ನಲ್ಲೋ ಇಳಿದು ವಿಮಾನ ಬದಲಾಯಿಸಿದ್ರೆ ಅಲ್ಲಿನ ಕಾನೂನು ಬೇರೆ, ವಿಮಾನ ಕಂಪನಿಗೆ ಮೊದಲೇ ತಿಳಿಸೋದು ಬೇರೆ.

ನಮ್ಮ ಜನಕ್ಕೆ ಬಂದೂಕಿನ ಲೈಸೆನ್ಸ್ ಅಂದ್ರೆ ಮಠದಲ್ಲಿ ಹೊದಿಸಿದ ಶಾಲು ಇದ್ದಂಗೆ, ಎಲ್ಲಿ ತೋರಿಸಿದ್ರೂ ಮರ್ಯಾದೆ ಸಿಗಬೇಕು. ಕರ್ನಾಟಕಕ್ಕೆ ಮಾತ್ರ ಅಂತ ಬರೆದಿದ್ರೆ ಅದು ಸೊಲ್ಲಾಪುರದಲ್ಲೇ ನಡೆಯಲ್ಲ ಸ್ವಾಮಿ, ಇನ್ನು ಟೊರಾಂಟೊ! ಕೊಡವರಿಗೆ ಲೈಸೆನ್ಸೇ ಬೇಡ ಅಂತ ಬ್ರಿಟಿಷರ ಕಾಲದಿಂದ ವಿನಾಯಿತಿ ಐತೆ, 2019ರಲ್ಲಿ ಅದನ್ನ 2029ರವರೆಗೆ ಮುಂದುವರಿಸಿದಾರೆ, ಆದ್ರೆ ಪರದೇಶದ ಪೊಲೀಸಿಗೆ ಅದು ಯಾವ ಲೆಕ್ಕ.

ಮರ್ಯಾದಸ್ಥರೇ ಜಾಸ್ತಿ ಸಿಕ್ಕಿ ಬೀಳೋದು, ಇದನ್ನ ಗಮನಿಸಿ. 2014ರಲ್ಲಿ ಅಮೆರಿಕದ ಮಾಜಿ ಸೈನಿಕನೊಬ್ಬ ಗಾಡಿಯಲ್ಲಿ ಮೂರು ಬಂದೂಕು ಇಟ್ಕೊಂಡು ಮೆಕ್ಸಿಕೊ ಗಡಿ ದಾಟಿಬಿಟ್ಟ, ದಾರಿ ತಪ್ಪಿ ಬಂದೆ ಅಂದ, ಏಳು ತಿಂಗಳು ಜೈಲಲ್ಲಿದ್ದ. 2024ರಲ್ಲಿ ಟರ್ಕ್ಸ್ ಅಂಡ್ ಕೈಕಾಸ್ ಅನ್ನೋ ದ್ವೀಪಕ್ಕೆ ರಜೆಗೆ ಹೋದ ಅಮೆರಿಕನ್ನರ ಬ್ಯಾಗಲ್ಲಿ ಬರೀ ಕಾಟ್ರಿಜ್ ಸಿಕ್ತು, ಬಂದೂಕಿಲ್ಲ ಏನಿಲ್ಲ, ಆಗಿನ ಅಲ್ಲಿಯ ಕಾನೂನಲ್ಲಿ ಅದಕ್ಕೆ ಕಮ್ಮಿ ಅಂದ್ರೂ 12 ವರ್ಷ ಜೈಲಿತ್ತು. ಕೊನೆಗೆ ಕೋರ್ಟು ಹಲವರನ್ನ ಮನೆಗೆ ಕಳಿಸ್ತು ಅನ್ನಿ. ನಮ್ಮ ಪರಿಚಯದವರೊಬ್ರದ್ದೂ ಇದೇ ಪಾಡು, ಹಂದಿ ಕಾಯೋಕೆ ಹೊಲಕ್ಕೆ ಒಯ್ತಿದ್ದ ಬ್ಯಾಗನ್ನೇ ಮಗಳ ಮನೆಗೆ ಹೋಗೋಕೆ ಎತ್ಕೊಂಡಿದಾರೆ, ಮೂಲೆಯಲ್ಲಿ ಒಂದೇ ಒಂದು ಕಾಟ್ರಿಜ್, ವಿಮಾನ ಹೋಯ್ತು, ಠಾಣೆ ವಕೀಲ್ರು ಎಲ್ಲಾ ಬಂತು. ಗೊತ್ತಿದ್ದೂ ಇಟ್ಕೊಂಡಿದ್ರೆ ಮಾತ್ರ ಅಪರಾಧ ಅಂತ ಸುಪ್ರೀಂ ಕೋರ್ಟು 1994ರಲ್ಲೇ ಹೇಳಿದೆ, ಸರಿ, ಆದ್ರೆ ಗೊತ್ತಿರಲಿಲ್ಲ ಅಂತ ತೋರಿಸೋಕೆ ಅಲೆದಾಡೋರು ಯಾರು?

ನನ್ನ ಸಿಟ್ಟು ಇರೋದು ಬೇರೆ ಕಡೆ. ಈ ನಿಯಮ ಒಂದಾದ್ರೂ ಓದೋ ಹಂಗೆ ಕನ್ನಡದಲ್ಲಿ ಪ್ರಿಂಟ್ ಹಾಕಿ ಲೈಸೆನ್ಸ್ ಜೊತೆ ಕೊಡೋಕೆ ಏನು ರೋಗ? ಎಲೆಕ್ಷನ್ ಬಂತು ಬಂದೂಕು ಠಾಣೆಗೆ ತಂದಿಡಿ ಅನ್ನೋದು ಮಾತ್ರ ಅಚ್ಚ ಕನ್ನಡದಲ್ಲಿ ಹಳ್ಳಿಗೆ ಬಂದು ಹೇಳ್ತಾರೆ. ಮೆಕ್ಕೆಜೋಳಕ್ಕೆ ನುಗ್ಗೋ ಹಂದಿಗೆ ನೀತಿಸಂಹಿತೆ ಗೊತ್ತಾ? ಆ ತಿಂಗಳು ರೈತ ತಟ್ಟೆ ಬಡಿದು ಹೊಲ ಕಾಯಬೇಕು, ಅಡ್ಡದಾರೀಲಿ ನಾಡಪಿಸ್ತೂಲ್ ಇಟ್ಕೊಂಡವನು ಯಾವ ಠಾಣೆಗೂ ಹೋಗಲ್ಲ.

ಬಂದೂಕು ಒಯ್ಯಬೇಡಿ, ಠಾಣೆಯಲ್ಲೋ ಲೈಸೆನ್ಸ್ ಇರೋ ಡೀಲರ್ ಹತ್ರನೋ ಇಟ್ಟು ರಸೀದಿ ಇಸ್ಕೊಳ್ಳಿ. ರಿನ್ಯೂವಲ್ ತಾರೀಖು ಒಂದ್ಸಲ ನೋಡ್ಕೊಳ್ಳಿ, ನೀವು ಅಲ್ಲಿದ್ದಾಗ ಮುಗಿದ್ರೆ ಬಂದ ಮೇಲೆ ಮತ್ತೆ ಡಿಸಿ ಆಫೀಸಿನ ಮೆಟ್ಟಿಲು. ಹೊಲಕ್ಕೆ ಒಯ್ಯೋ ಬ್ಯಾಗ್ ಮನೇಲೇ ಇರಲಿ, ಹೊಸದೊಂದು ತಗೊಳ್ಳಿ.